ನಲವತ್ತೇಳನೆಯ ಸಾಲು

ಜುಲೈ ೮, ಸೋಮವಾರ

ಪುಸ್ತಕದಲ್ಲಿದ್ದುದನ್ನೆಲ್ಲ ಇವತ್ತು ಫೋನಿಗೆ ಸುರಿದು ಮುಗಿಸಿದೆ. ಬೆನ್ನು ಹಿಡಿದುಕೊಂಡಿದೆ.

ಸೆಪ್ಟೆಂಬರ್ ಎರಡನೆಯ ವಾರ ಸಿಡ್ನಿಯಿಂದ ಕಣ್ಣಿನ ಡಾಕ್ಟರುಗಳು ದೊಡ್ಡ ದ್ವೀಪಕ್ಕೆ ಬರುತ್ತಾರೆ. ಇರುವುದು ಐದೇ ದಿನ. ಅಷ್ಟರಲ್ಲಿ ನಮ್ಮ ಎಂಟು ಪುಟ್ಟ ದ್ವೀಪಗಳಲ್ಲಿ ಕಣ್ಣಿಗೆ ಪೊರೆ ಬಂದವರನ್ನೆಲ್ಲ ದೋಣಿ ಹತ್ತಿಸಿ, ದಾಟಿಸಿ, ಚರ್ಚಿನ ಸಭಾಭವನದಲ್ಲಿ ಮಲಗಿಸಿ, ಆಪರೇಷನ್ ಮಾಡಿಸಿ, ವಾಪಸು ಮನೆ ಮುಟ್ಟಿಸಬೇಕು. ಯಾರು ಯಾವ ದಿನ, ಯಾವ ದೋಣಿ, ಜೊತೆಗೆ ಯಾರು, ಹಾಸಿಗೆ ಯಾವುದು ಎಂಬುದಷ್ಟೂ ಇಪ್ಪತ್ತೆರಡು ವರ್ಷಗಳಿಂದ ನನ್ನ ಪುಸ್ತಕದಲ್ಲಿತ್ತು. ಏನು ಕೇಳಬೇಕಿದ್ದರೂ ಜನ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿ ನನ್ನ ಮೇಜಿನ ಮುಂದೆ ನಿಲ್ಲಬೇಕಿತ್ತು. ಈ ವರ್ಷದಿಂದ ಎಲ್ಲರೂ ಬರೆಯಬಹುದಂತೆ.

ರಾಜಧಾನಿಯಲ್ಲಿ ಕೂತು ಇದನ್ನು ಕಟ್ಟಿದವನು ಇಸಿಲೇಲಿ. ಮಧ್ಯಾಹ್ನ ಫೋನಿನಲ್ಲಿ ವಿವರಿಸಿದ.

“ಅಕ್ಕಾವ್ರೆ, ಇದು ಡೇಟಾಬೇಸು. ಪಟ್ಟಿ ಒಂದೇ, ಬರೆಯೋ ಕೈ ಮಾತ್ರ ಬೇಕಾದಷ್ಟು. ದೋಣಿಯವ್ರು, ನರ್ಸು, ಹಾಸಿಗೆ ನೋಡ್ಕೊಳ್ಳೋರು, ರೋಗಿ, ನಾಲ್ಕೂ ಜನ ‘ಹೂಂ’ ಅಂದ್ರೆ ಆ ಸಾಲು ಪಕ್ಕಾ. ಒಬ್ರು ‘ಊಹೂಂ’ ಅಂದ್ರೂ ಸಾಕು, ಅದಕ್ಕೆ ಹಿಡಿದಿಟ್ಟ ಜಾಗ, ಹಾಸಿಗೆ ಎಲ್ಲಾ ಒಟ್ಟಿಗೆ ಬಿಟ್ಹೋಗತ್ತೆ.”

“ಇಬ್ರು ಒಂದೇ ಹೊತ್ತಿಗೆ ಒಂದೇ ಸಾಲು ತಿದ್ದಿದ್ರೆ?”

“ಎರಡನೇವ್ರನ್ನ ತಡೆಯತ್ತೆ. ‘ನೀವು ಓದಿದ ಮೇಲೆ ಇದನ್ನ ಇನ್ನೊಬ್ರು ಬದಲಾಯಿಸಿದಾರೆ, ಮೊದಲು ನೋಡಿ’ ಅನ್ನತ್ತೆ. ಒಬ್ರ ಮಾತಿನ ಮೇಲೆ ಇನ್ನೊಬ್ರ ಮಾತು ಸುಮ್ನೆ ಬಂದು ಕೂರಲ್ಲ.”

“ಹಾಗಿದ್ರೆ ಮೊದಲು ನಮ್ಮೂರ ಸಭೆಗೆ ಹಾಕಿಸಪ್ಪಾ ಇದನ್ನ,” ಎಂದೆ. ಜೋರಾಗಿ ನಕ್ಕ.

ಸಂಜೆ ದಂಡೆಯಲ್ಲಿ ಕೂತಿದ್ದೆ. ಜುಲೈ ಎಂದರೆ ನಮ್ಮ ಈ ಕಡಲಲ್ಲಿ ಚಳಿಗಾಲ; ಈ ಸಲ ಸಮುದ್ರಕ್ಕೆ ಯಾರೋ ಹಾಲು ಬೆರೆಸಿದ್ದಾರೆ. ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗಿಲ್ಲ. ಇಷ್ಟು ಚೆಂದದ ಮಂಜು ಹಿಂದೆ ಬಂದ ನೆನಪಿಲ್ಲ.

ಜುಲೈ ೧೪, ಭಾನುವಾರ

ಭಾನುವಾರ ನಮ್ಮಲ್ಲಿ ದೋಣಿಗಳೂ ಮಲಗುತ್ತವೆ. ಪಟ್ಟಿಯನ್ನು ತೆರೆಯಲಿಲ್ಲ.

ಚರ್ಚಿನಲ್ಲಿ ಹಾಡು ಏರಿದಾಗ ಪಾದ್ರಿಯ ಬಿಳಿ ಅಂಗಿಯ ಸುತ್ತ ಬೆಳಕು ಅಂಚು ಕಟ್ಟಿ ನಿಂತಿತು. ಕಿಟಕಿಗಳೂ ಹಾಗೇ, ಒಂದೊಂದಕ್ಕೂ ಕಾಮನಬಿಲ್ಲಿನ ಬಳೆ. ದೇವರು ಒಂದು ಹೆಜ್ಜೆ ಹತ್ತಿರ ಬಂದಂತೆ ಅನಿಸಿ ಕಣ್ಣು ತುಂಬಿತು. ಹಾಡಿನ ಸಂಖ್ಯೆಯನ್ನು ಮಾತ್ರ ಈಚೆಗೆ ಹಲಗೆಯ ಮೇಲೆ ತೀರಾ ಸಣ್ಣದಾಗಿ ಬರೆಯುತ್ತಿದ್ದಾರೆ. ಹೇಳಬೇಕು.

ನನ್ನ ತಮ್ಮ, ದೋಣಿಯ ಕಿಟಿಯೋನೆ, ಗಂಡಸರ ಸಾಲಿನಲ್ಲಿ ಕೂತಿದ್ದನಂತೆ. ನಾನು ನೋಡಲಿಲ್ಲ. ಒಂದೇ ತಾಯಿಯ ಮಕ್ಕಳಾದರೂ ಅಕ್ಕ ಇರುವ ಕೋಣೆಗೆ ತಮ್ಮ ಬರುವುದಿಲ್ಲ, ಅವಳ ಎದುರು ಮಾತಿಗೆ ನಿಲ್ಲುವುದಿಲ್ಲ. ಅದು ನಮ್ಮಲ್ಲಿ ಅಕ್ಕನಿಗೆ ಕೊಡುವ ಮರ್ಯಾದೆ. ಆ ಮರ್ಯಾದೆ ನಮಗಿಬ್ಬರಿಗೂ ಅನುಕೂಲವೇ ಆಗಿದೆ. ಹೇಳಬೇಕಾದುದನ್ನು ಅವನ ಹೆಂಡತಿ ಸೇಯಿನಿ ಹೊತ್ತು ತರುತ್ತಾಳೆ. ಇವತ್ತು ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಬೆಂದ ಗೆಡ್ಡೆ, ತೆಂಗಿನ ಹಾಲಿನಲ್ಲಿ ಕೆಸುವಿನೆಲೆ ಸುತ್ತಿದ ಮಾಂಸ ತಂದಿಟ್ಟು ಹೋದಳು.

ಊಟವಾದ ಮೇಲೆ ಚಾಪೆಯ ಮೇಲೆ ಮಲಗಿ ತಿಮಿಂಗಿಲಗಳು ಉಸಿರು ಬಿಡುವುದನ್ನು ಕೇಳಿದೆ. ಮರಿಗಳನ್ನು ಕರೆದುಕೊಂಡು ತೀರಾ ಹತ್ತಿರ ಬಂದಿವೆ. ಅವಕ್ಕೆ ಪಟ್ಟಿ ಯಾರು ಬರೆಯುತ್ತಾರೋ, ಪ್ರತಿ ವರ್ಷ ಅದೇ ವಾರ ಬರುತ್ತವೆ.

ಜುಲೈ ೨೩, ಮಂಗಳವಾರ

ಕಣ್ಣಿನ ಅಳತೆ ತೆಗೆಯುವ ಯಂತ್ರ ನಮ್ಮ ಕೇಂದ್ರಕ್ಕೆ ಬಂದಿದೆ. ಎರಡು ದಿನ ಮಾತ್ರ ಇಲ್ಲಿರುತ್ತದೆ. ಮುದುಕ ಫೆಲೆಟಿಯನ್ನು ಕರೆತರಲು ನಾನೇ ಹೋದೆ. ಅವನಿಗೆ ಎರಡೂ ಕಣ್ಣು ಹೋಗಿ ಆರು ವರ್ಷ. ನರ್ಸು ಕರೆದರೆ ಬರುವುದಿಲ್ಲ, ಪಾದ್ರಿ ಕರೆದರೂ ಬರುವುದಿಲ್ಲ. ನನ್ನ ದನಿ ಕೇಳಿದರೆ ಕೋಲು ಹುಡುಕುತ್ತಾನೆ.

ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದೆ. ಹಾದಿಯಲ್ಲಿ ಯಾರೋ ತೆಂಗಿನಕಾಯಿ ಮೂಟೆ ಬಿಟ್ಟುಹೋಗಿದ್ದಾರೆ ಎಂದುಕೊಂಡು ಅದರ ಮೇಲೆ ಕಾಲಿಟ್ಟೆ. ಮೂಟೆ ಕಿರುಚಿಕೊಂಡು ಎದ್ದು ಓಡಿತು. ಹಂದಿ. ನಾನು ಬಿದ್ದೆ, ನನ್ನ ಮೇಲೆ ಫೆಲೆಟಿ ಬಿದ್ದ.

“ಹುಡುಗೀ,” ಎಂದ ಬಿದ್ದಲ್ಲಿಂದಲೇ, “ನೀನು ನನ್ನನ್ನ ಕರ್ಕೊಂಡು ಹೋಗ್ತಿದೀಯೋ, ನಾನು ನಿನ್ನನ್ನೋ?”

“ಮಳೆ ಬಂದು ಹಾದಿ ಜಾರತ್ತೆ ಮಾವ.”

“ಮಳೆ ಬಂದು ಹದಿನೈದು ದಿನ ಆಯ್ತಲ್ಲೇ. ಕುರುಡನ ಕೈ ಕುರುಡಿ ಹಿಡಿದ್ಲು ಅಂತ ಊರು ಹಾಡು ಕಟ್ಟತ್ತೆ ನೋಡ್ತಿರು.”

ಐವತ್ತೊಂಬತ್ತರ ನನ್ನನ್ನು ಹುಡುಗಿ ಎನ್ನಲು ಈಗ ಅವನೊಬ್ಬನೇ ಉಳಿದಿರುವುದು. ಹಾಗಾಗಿ ಬೈಯಲಿಲ್ಲ.

ಅವನ ಅಳತೆ ಮುಗಿದ ಮೇಲೆ ನರ್ಸ್ ಮೆಲೆಯಾನಾ ಬಾಗಿಲಿಗೆ ಒರಗಿ ನಿಂತಳು. “ವೈಮೋವಾನಾ ಅಕ್ಕ, ಯಂತ್ರ ಹೇಗೂ ಬಿಸಿಯಾಗಿದೆ. ನೀವೂ ಒಂದ್ಸಲ ಗಲ್ಲ ಇಡಿ.”

“ನನಗೇನಾಗಿದೆ?”

“ಏನೂ ಆಗಿಲ್ಲ. ಆ ಗೋಡೆ ಮೇಲಿನ ಅಕ್ಷರಾನಾದ್ರೂ ಓದಿ.”

ಕೆಳಗಿನ ಸಾಲಿನವರೆಗೂ ತಡವರಿಸದೆ ಒಪ್ಪಿಸಿದೆ. ಆ ಹಾಳೆಯನ್ನು ಗೋಡೆಗೆ ಅಂಟಿಸಿದವಳೇ ನಾನು, ಇಪ್ಪತ್ತೆರಡು ವರ್ಷದಿಂದ ಬಾಯಿಪಾಠ. ಆದರೂ ಅವಳು ಯಂತ್ರದ ಬಳಿ ನನ್ನನ್ನು ಕೂರಿಸಿಯೇ ಬಿಟ್ಟಳು. ಹುಡುಗಾಟಕ್ಕೆ ಎಂದುಕೊಂಡು ಗಲ್ಲ ಇಟ್ಟೆ.

ಆಗಸ್ಟ್ ೨, ಶುಕ್ರವಾರ

ಅಮ್ಮ ತೀರಿಕೊಂಡ ದಿನ. ಗೋರಿಯ ಮೇಲೆ ಹೊಸ ಮರಳು, ಬಿಳಿ ಹವಳದ ಚೂರು ಹರಡಿ ಬಂದೆ. ಅಲ್ಲಿ ಆಗಲೇ ಹೂವಿತ್ತು. ಕಿಟಿಯೋನೆ ಬೆಳಗಿನ ಜಾವವೇ ಬಂದು ಹೋಗಿರಬೇಕು.

ಅಮ್ಮನ ಕಣ್ಣಿನ ಆಪರೇಷನ್ ಆಗಿ ಈಗ ಹತ್ತೊಂಬತ್ತು ವರ್ಷ. ನಾನೇ ಒಪ್ಪಿಸಿದ್ದು. ಮೊದಲ ಮೂರು ದಿನ ಅಮ್ಮ ಮನೆಯೆಲ್ಲ ಓಡಾಡಿ ಒಂದೊಂದು ಚಾಪೆಯ ಹೆಣಿಗೆಯನ್ನೂ ನೋಡಿ ತಪ್ಪು ಹುಡುಕಿದಳು. ನಾಲ್ಕನೆಯ ದಿನ ಕಣ್ಣು ಕೆಂಪಾಯಿತು. ಗುರುವಾರ ಡಾಕ್ಟರಿಗೆ ತೋರಿಸಬೇಕಿತ್ತು. ಅಮ್ಮನನ್ನು ಜೆಟ್ಟಿಯ ಮೇಲೆ ಕೂರಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕಾದೆ. ಕಿಟಿಯೋನೆಯ ದೋಣಿ ಹಂದಿ, ಚಾಪೆ ತುಂಬಿಕೊಂಡು ಯಾರದೋ ಮದುವೆಗೆ ಹೋಗಿತ್ತು. ಅವನು ಬರಲಿಲ್ಲ. ಶುಕ್ರವಾರ ನಾವು ದಾಟುವ ಹೊತ್ತಿಗೆ ಡಾಕ್ಟರುಗಳ ವಿಮಾನ ಹೋಗಿಯಾಗಿತ್ತು. ಆ ಕಣ್ಣು ಹೋಯಿತು. ಇನ್ನೊಂದನ್ನು ಮುಟ್ಟಲು ಅಮ್ಮ ಯಾರಿಗೂ ಬಿಡಲಿಲ್ಲ. ನಾಲ್ಕು ವರ್ಷ ನನ್ನ ತೋಳು ಹಿಡಿದು ಬದುಕಿ ಕಣ್ಣು ಮುಚ್ಚಿದಳು.

ಅವನು ಬರಲಿಲ್ಲ. ಇಷ್ಟನ್ನೇ ನಾನು ಎಲ್ಲರಿಗೂ ಹೇಳಿದ್ದು. ಅವನು ಎದುರಾಡಲಿಲ್ಲ. ಎದುರಾಡುವ ಹಾಗೂ ಇರಲಿಲ್ಲವಲ್ಲ.

ಆಗಸ್ಟ್ ೧೪, ಬುಧವಾರ



ನಿನ್ನೆ ಫೆಲೆಟಿಯ ದಿನವನ್ನು ಗುರುವಾರಕ್ಕೆ ಗೊತ್ತುಮಾಡಿದ್ದೆ. ಇವತ್ತು ಮೆಲೆಯಾನಾ, “ಫೆಲೆಟಿ ಮಾವಂದು ಈಗ ಸರಿಯಾಯ್ತಲ್ಲ ಅಕ್ಕ,” ಎಂದಳು. ಈಗ ಎಂದರೆ? ತೆರೆದು ನೋಡಿದೆ. ಈ ಪಟ್ಟಿ ಯಾವುದನ್ನೂ ಮರೆಯುವುದಿಲ್ಲ. ಸಾಲಿನ ಮೇಲೆ ಬೆರಳೊತ್ತಿ ಹಿಡಿದರೆ ಅದನ್ನು ಯಾರು, ಯಾವಾಗ, ಏನೆಂದು ತಿದ್ದಿದರು ಎಂಬುದು ಬರುತ್ತದೆ. ಫೋನನ್ನು ಮೂಗಿಗೆ ತಾಗಿಸಿಕೊಂಡು ಓದಿದೆ. ನಾನು ಗುರುವಾರ ಎಂದು ಬರೆದದ್ದು ಫೆಲೆಟಿಯ ಸಾಲಿನಲ್ಲಲ್ಲ, ಅದರ ಕೆಳಗಿನ ಸಾಲಿನಲ್ಲಿ. ಫೆಲೆಟಿಯ ಸಾಲಿಗೆ ಊಹೂಂ ಒತ್ತಿ ಅವನನ್ನು ಪಟ್ಟಿಯಿಂದಲೇ ತೆಗೆದುಹಾಕಿದ್ದೆ.

‘ಸರಿಪಡಿಸಿದವರು: ಕಿಟಿಯೋನೆ.’

ಹಿಂದಕ್ಕೆ ಹೋದೆ. ಜುಲೈನಿಂದ ಇಲ್ಲಿಯವರೆಗೆ ನನ್ನ ತಪ್ಪುಗಳು ಹದಿನೈದು. ಮೂರನ್ನು ಎಂಟೆಂದು, ಎಡಗಣ್ಣನ್ನು ಬಲಗಣ್ಣೆಂದು. ನಾಲ್ಕನ್ನು ಮೆಲೆಯಾನಾ ತಿದ್ದಿದ್ದಾಳೆ. ಹನ್ನೊಂದನ್ನು ಅವನು. ನನ್ನ ಹಿಂದೆ ಹಿಂದೆಯೇ ಬಂದು, ಒಬ್ಬರಿಗೂ ಹೇಳದೆ, ಪೊರಕೆ ಹಿಡಿದು ಗುಡಿಸಿದವರ ಹಾಗೆ.

ಅಮ್ಮನನ್ನು ಜೆಟ್ಟಿಯ ಮೇಲೆ ಬಿಟ್ಟವನು ನನಗೆ ದಿನಾಂಕ ಹೇಳಿಕೊಡುತ್ತಾನೆ.

ಆಗಸ್ಟ್ ೧೫, ಗುರುವಾರ

ಚರ್ಚಿನ ದಿಬ್ಬ ಹತ್ತಿ ಇಸಿಲೇಲಿಗೆ ಫೋನು ಹಚ್ಚಿದೆ. ಸಿಗ್ನಲ್ ಅಲ್ಲೇ ಗಟ್ಟಿ.

“ಕಿಟಿಯೋನೆಗೆ ದೋಣಿಯ ಜಾಗ ಬಿಟ್ಟು ಬೇರೆಲ್ಲೂ ಬರೆಯೋ ಅಧಿಕಾರ ಬೇಡ. ಕಿತ್ತುಹಾಕು.”

“ಹಾಕಬಹುದು ಅಕ್ಕಾವ್ರೆ. ಯೋಜನೆಗೆ ಒಡತಿ ನೀವೇ. ಆದ್ರೆ ಅವ್ರು ತಿದ್ದಿದ್ರಲ್ಲಿ ಒಂದಾದ್ರೂ ತಪ್ಪಿದೆಯಾ?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಅವ್ರನ್ನ ತೆಗೆದ್ರೆ ಅವ್ರು ಸೇರಿಸಿದ ಸಾಲಿಗೂ ದಿಕ್ಕಿರಲ್ಲ. ನಲವತ್ತೇಳು ಜನರಲ್ಲಿ ಅದೊಂದೇ ಇನ್ನೂ ಪಕ್ಕಾ ಆಗದೆ ಇರೋದು.”

“ನಲವತ್ತೇಳಲ್ಲ. ನಲವತ್ತಾರು.”

“ನಲವತ್ತೇಳು ಅಕ್ಕಾವ್ರೆ.”

“ಎದುರಿಗೇ ಇದೆಯಪ್ಪಾ. ಎರಡು ಸಲ ಎಣಿಸಿದೀನಿ.”

ಇಸಿಲೇಲಿ ಮೆಲ್ಲಗೆ ಕೇಳಿದ: “ಪಕ್ಕಾ ಆಗದ ಸಾಲನ್ನ ತಿಳಿಹಳದಿ ಅಕ್ಷರದಲ್ಲಿ ಇಟ್ಟಿದ್ದೆ. ಬಿಳಿ ಮೇಲೆ ಹಳದಿ. ನಿಮ್ಗೆ ಕಾಣಿಸ್ತಿಲ್ವಾ?”

ತೆಂಗಿನ ಗರಿಗಳು ಸದ್ದು ಮಾಡುತ್ತಿದ್ದವು.

“ತಪ್ಪು ನಂದು, ಆ ಬಣ್ಣ ಹಾಕಬಾರದಿತ್ತು,” ಎಂದ. “ಕೆಂಪು ಮಾಡಿದೀನಿ. ಈಗ ನೋಡಿ.”

ಪಟ್ಟಿಯ ಕೊನೆಯಲ್ಲಿ, ಖಾಲಿ ಎಂದುಕೊಂಡಿದ್ದ ಜಾಗದಲ್ಲಿ, ನೀರಿನಾಳದಿಂದ ಮೀನು ಮೇಲೆ ಬಂದ ಹಾಗೆ ಒಂದು ಸಾಲು ಬಂತು.

‘೪೭. ವೈಮೋವಾನಾ. ಬಲಗಣ್ಣು. ಗುರುವಾರ, ಸೆಪ್ಟೆಂಬರ್ ೧೨. ದೋಣಿ: ಹೂಂ. ನರ್ಸು: ಹೂಂ. ಹಾಸಿಗೆ: ಹೂಂ. ರೋಗಿ: ಉತ್ತರಕ್ಕೆ ಕಾಯುತ್ತಿದೆ. ಸೇರಿಸಿದವರು: ಕಿಟಿಯೋನೆ, ಜುಲೈ ೧೧.’

ಒಂದು ತಿಂಗಳಿಂದ ಮೂವರು ಹೂಂ ಎಂದು ಕೂತಿದ್ದಾರೆ. ನಲವತ್ತಾರು ಜನರ ಕೆಳಗೆ ನನ್ನ ಹೆಸರು ದಿನವೂ ನನ್ನೆದುರಿಗಿತ್ತು. ಇಳಿಯುವಾಗ ದಿಬ್ಬದ ಮೆಟ್ಟಿಲುಗಳನ್ನು ಕಾಲಿನಿಂದ ತಡವಿಕೊಂಡು ಇಳಿದೆ. ಈಚೆಗೆ ಹಾಗೆಯೇ ಇಳಿಯುತ್ತಿದ್ದೇನಲ್ಲ ಎನ್ನುವುದು ಇವತ್ತೇ ತಲೆಗೆ ಬಂದದ್ದು.

ಆಗಸ್ಟ್ ೧೬, ಶುಕ್ರವಾರ

ಊಹೂಂ ಒತ್ತಿದೆ. ಸಾಲು ಹೋಯಿತು.

ಆಗಸ್ಟ್ ೧೭, ಶನಿವಾರ

ಮತ್ತೆ ಇದೆ.

ಆಗಸ್ಟ್ ೨೦, ಮಂಗಳವಾರ

ಮೂರು ಸಲ ಅಳಿಸಿದೆ. ಮೂರು ಸಲವೂ ಬಂದಿದೆ. ಇವತ್ತು ಅಳಿಸಲು ಬೆರಳಿಡುವಷ್ಟರಲ್ಲಿ ಪರದೆ ತಡೆಯಿತು. ‘ನೀವು ಓದಿದ ನಂತರ ಈ ಸಾಲನ್ನು ಮತ್ತೊಬ್ಬರು ಬದಲಿಸಿದ್ದಾರೆ. ಮೊದಲು ಅವರದನ್ನು ನೋಡಿ.’ ಅಂದರೆ ಅದೇ ಗಳಿಗೆಯಲ್ಲಿ ಅವನೂ ದ್ವೀಪದ ಆ ತುದಿಯಲ್ಲಿ ಫೋನು ಹಿಡಿದು ಕೂತಿದ್ದಾನೆ. ಜೊತೆಗಾರ ಎಂಬ ಜಾಗದಲ್ಲಿ ತನ್ನ ಹೆಸರು ತುಂಬಿದ್ದಾನೆ.

ತಲೆ ಕೆಟ್ಟಿದೆಯೇ? ಅಕ್ಕನ ಹಾಸಿಗೆಯ ಬಳಿ ತಮ್ಮ ಕೂರುವುದುಂಟೇ?

ಆಗಸ್ಟ್ ೨೨, ಗುರುವಾರ

ಸೇಯಿನಿ ಮೀನು ಹಿಡಿದುಕೊಂಡು ಬಂದಳು. ಮೀನನ್ನು ಕೆಳಗಿಡದೆಯೇ ಶುರು ಮಾಡಿದಳು.

“ಅತ್ತಿಗೆ, ನೀವಿಬ್ರೂ ಫೋನಲ್ಲಿ ಇದೇನು ಆಟ? ಅವ್ರು ಊಟದ ಮುಂದೆ ಕೂತ್ರೂ ಅದನ್ನೇ ನೋಡ್ತಾರೆ. ‘ಅಳಿಸಿದ್ಲು’ ಅಂತಾರೆ, ಮತ್ತೆ ಬರೀತಾರೆ. ಮೀನು ತಣ್ಣಗಾಗತ್ತೆ, ನಾನು ಬಿಸಿಯಾಗ್ತೀನಿ.”

“ನನ್ನ ಕಣ್ಣು ನನ್ನ ವಿಚಾರ ಅಂತ ಹೇಳು.”

“ನೀವೇ ಬರೀರಿ. ಹತ್ತೊಂಬತ್ತು ವರ್ಷದಿಂದ ನಿಮ್ಮಿಬ್ರ ಮಧ್ಯೆ ಟಪಾಲು ಹೊತ್ತು ನನ್ನ ಕಾಲು ಸವೆದಿದೆ. ಈಗ ಇಬ್ರ ಕೈಲೂ ಫೋನಿದೆ, ನಾನು ಕೆಲಸ ಬಿಟ್ಟೆ.”

ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು. “ಜೆಟ್ಟಿ ಹತ್ರ ಮೊನ್ನೆ ನೀವು ಅವ್ರ ಮುಂದೇನೇ ಹಾದು ಹೋದ್ರಂತೆ. ಮರ್ಯಾದೆಗೆ ಮುಖ ತಿರುಗಿಸ್ತಿದ್ರಿ ಯಾವಾಗ್ಲೂ. ಮೊನ್ನೆ ತಿರುಗಿಸಲೂ ಇಲ್ಲವಂತೆ. ಅಕ್ಕನಿಗೆ ನಾನು ಕಾಣ್ಲೇ ಇಲ್ಲ ಅಂತ ಬಂದು ಕೂತ್ರು. ಆವತ್ತು ಊಟಾನೇ ಮಾಡ್ಲಿಲ್ಲ.”

ಆಗಸ್ಟ್ ೨೭, ಮಂಗಳವಾರ

ಸಾಲಿನ ಕೊನೆಯಲ್ಲಿ ಟಿಪ್ಪಣಿ ಬರೆಯಲು ಒಂದು ಪುಟ್ಟ ಜಾಗವಿದೆ. ‘ಸಕ್ಕರೆ ಕಾಯಿಲೆ ಇದೆ’, ‘ಗಾಲಿ ಕುರ್ಚಿ ಬೇಕು’ ಎಂದೆಲ್ಲ ಅಲ್ಲಿ ಬರೆಯುತ್ತೇವೆ. ನಲವತ್ತೇಳನೆಯ ಸಾಲಿನ ಟಿಪ್ಪಣಿಯಲ್ಲಿ ಇವತ್ತು ಹೀಗಿತ್ತು:

‘ಅಕ್ಕ, ಈ ಸಲ ಪುಸ್ತಕ ಒಂದೇ.’

ಆಮೇಲೆ ಕೆಲಸ ಮಾಡಲಾಗಲಿಲ್ಲ. ದಂಡೆಗೆ ಹೋಗಿ ಕೂತೆ. ಬಿಸಿಲಿತ್ತೋ ಮೋಡವಿತ್ತೋ ತಿಳಿಯಲಿಲ್ಲ; ಬೆಳಕು ಒಂದು ದೊಡ್ಡ ಬಿಳಿ ಬಟ್ಟೆಯಾಗಿ ಮುಖದ ಮೇಲೆ ಬಿದ್ದಿತ್ತು, ಅದರಾಚೆಯಿಂದ ಅಲೆಗಳು ಬಂದು ಹೋಗುತ್ತಿದ್ದವು.

ಆಗ ಪುಸ್ತಕ ಎರಡಿದ್ದವು. ನನ್ನದೊಂದು, ಅದರ ಪ್ರತಿ ಒಂದು ದೋಣಿಯಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿ. ಅಮ್ಮನ ಮರುತಪಾಸಣೆ ಎರಡರಲ್ಲೂ ಶುಕ್ರವಾರ ಎಂದೇ ಇತ್ತು. ಡಾಕ್ಟರುಗಳು ಒಂದು ದಿನ ಮೊದಲೇ ಹೊರಡುತ್ತಾರೆಂದು ಸುದ್ದಿ ಬಂದಾಗ ಶುಕ್ರವಾರವನ್ನು ಹೊಡೆದು ಗುರುವಾರ ಎಂದು ಬರೆದವಳು ನಾನು. ನನ್ನದರಲ್ಲಿ ಬರೆದೆ. ಅವನಿಗೆ ಹೇಳು ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದೆ. ಹೇಳಿದರೋ ಇಲ್ಲವೋ ಎಂದು ಕೇಳಲಿಲ್ಲ. ನಾನು ಬರೆದದ್ದು ಎಲ್ಲರಿಗೂ ಗೊತ್ತೇ ಇರುತ್ತದೆ ಎಂದುಕೊಳ್ಳುವವಳು ನಾನು.

ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ಸಾಲನ್ನು ಅಳಿಸಲಿಲ್ಲ. ಹಾಗೇ ಬಿಟ್ಟಿದ್ದೇನೆ.

ಸೆಪ್ಟೆಂಬರ್ ೩, ಮಂಗಳವಾರ

ಸಭಾಭವನಕ್ಕೆ ಚಾಪೆಗಳು ಸಾಲುತ್ತಿಲ್ಲ. ಹೆಂಗಸರು ಮನೆಮನೆಯಿಂದ ಎತ್ತಿ ತರುತ್ತಿದ್ದಾರೆ. ಎರಡು ದೋಣಿಗಳಿಗೆ ಇಂಧನ ಬಂತು. ನಮ್ಮ ಪಟ್ಟಿಯಲ್ಲಿ ಈಗ ಕೆಂಪು ಸಾಲು ಒಂದೂ ಇಲ್ಲ, ಎಲ್ಲ ಕಪ್ಪು. ಮೆಲೆಯಾನಾ ದಿನಕ್ಕೆರಡು ಸಲ ಗಟ್ಟಿಯಾಗಿ ಓದುತ್ತಾಳೆ, ನಾನು ಕಣ್ಣು ಮುಚ್ಚಿ ಕೇಳಿ ಏನು ಬರೆಯಬೇಕೆಂದು ಹೇಳುತ್ತೇನೆ. ಹೀಗೆ ಕೆಲಸ ಬೇಗ ಸಾಗುತ್ತದೆ.

“ನಲವತ್ತೇಳನ್ನ ಓದಲೇ ಇಲ್ಲ ನಾನು,” ಎಂದಳು ಕೊನೆಗೆ.

“ಅದರಲ್ಲಿ ಓದೋಕೇನಿದೆ. ಪಕ್ಕಾ ಆಗಿದೆಯಲ್ಲ.”

ಫೆಲೆಟಿ ಮಾತ್ರ ಇವತ್ತು ಹೊಸ ರಗಳೆ ತೆಗೆದ. ನಾನು ಜೊತೆಗಿದ್ದರಷ್ಟೇ ದೋಣಿ ಹತ್ತುವುದಂತೆ. ನಾನೂ ಗುರುವಾರವೇ ಬರುತ್ತಿದ್ದೇನೆ, ಕಣ್ಣು ತೋರಿಸಲು, ಎಂದೆ. ಅವನು ಕೋಲು ಕುಟ್ಟಿ ನಕ್ಕ. “ಆವತ್ತು ಹಂದಿಗೆ ಮೊದಲೇ ಗೊತ್ತಾಗಿತ್ತು!”

ಸೆಪ್ಟೆಂಬರ್ ೧೦, ಮಂಗಳವಾರ

ಫೆಲೆಟಿಯನ್ನೂ ಕರೆದುಕೊಂಡು ಎರಡು ದಿನ ಮೊದಲೇ ದೊಡ್ಡ ದ್ವೀಪಕ್ಕೆ ಬಂದಿದ್ದೇನೆ. ಸಭಾಭವನದಲ್ಲಿ ಕೆಮ್ಮು, ಗೊರಕೆ, ಎಣ್ಣೆ ಹಚ್ಚಿದ ಮೈಗಳ ವಾಸನೆ. ಬೆಳಗ್ಗೆ ಆಗ್ನೇಯದ ಗಾಳಿ ಎದ್ದಿತು. ದಕ್ಷಿಣದ ಎರಡು ದ್ವೀಪಗಳಿಂದ ಇವತ್ತು ಬರಬೇಕಿದ್ದ ಆರು ಜನ ದಾಟುವ ಹಾಗಿಲ್ಲ. ಅವರ ಸಾಲುಗಳು ಒಂದರ ಹಿಂದೊಂದು ಕೆಂಪಾದವು ಎಂದು ಮೆಲೆಯಾನಾ ಓದಿದಳು. ಹಳೆಯ ಕಾಲವಾಗಿದ್ದರೆ ಆ ಆರು ಜನ ಮುಂದಿನ ವರ್ಷದವರೆಗೆ ಕತ್ತಲಲ್ಲೇ.

“ಅಕ್ಕ, ಯಾರೋ ದೋಣಿ ಹಾಕಿದಾರೆ. ಇವತ್ತೇ, ಈಗ್ಲೇ, ಆರು ಜನಕ್ಕೂ.” ಅವಳ ದನಿ ಇಳಿಯಿತು. “ಕಿಟಿಯೋನೆ ಅಣ್ಣ.”

ಹೊರಗೆ ತಗಡಿನ ಮಾಡು ಹಾರಿಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು.

“ಫೋನು ಕೊಡು,” ಎಂದೆ.

ಅಕ್ಷರ ಕಾಣುತ್ತಿರಲಿಲ್ಲ. ಬೆರಳಿಗೆ ಅಭ್ಯಾಸವಿದ್ದ ಜಾಗಗಳಲ್ಲಿ ಒತ್ತುತ್ತ ಹೋದೆ. ಅವನ ಸಾಲಿಗೆ ಊಹೂಂ ಎಂದೆ. ಟಿಪ್ಪಣಿಯಲ್ಲಿ ಬರೆದೆ: ‘ಬೇಡ. ಸಮುದ್ರ ಕೆಟ್ಟಿದೆ. ಶುಕ್ರವಾರಕ್ಕೆ ಜಾಗ ಹುಡುಕುತ್ತೇವೆ. ನೀನು ಹೋಗಕೂಡದು.’ ತಪ್ಪಿಲ್ಲದೆ ಬರೆದೆನೋ ಇಲ್ಲವೋ. ಹತ್ತೊಂಬತ್ತು ವರ್ಷದಲ್ಲಿ ನಾನೇ ತಮ್ಮನಿಗೆ ಆಡಿದ ಮೊದಲ ಮಾತು ಅದು, ಅದೂ ಬೈಗುಳ.

ಮೆಲೆಯಾನಾ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಓದಿದಳು: “‘ಹೂಂ ಅಕ್ಕ.’ ದೋಣಿ ವಾಪಸು ತಗೊಂಡ್ರು.”

ಮುಂದಿನ ಒಂದು ಗಂಟೆ ಅವಳು ಸುಮ್ಮನೆ ಓದುತ್ತ ಹೋದಳು. ಆಸ್ಪತ್ರೆಯವರು ಶುಕ್ರವಾರ ಎರಡು ತಾಸು ಹೆಚ್ಚು ಸೇರಿಸಿದರು. ಈ ಊರಿನವರೇ ಆದ ಇಬ್ಬರು ತಮ್ಮ ಶುಕ್ರವಾರವನ್ನು ಬಿಟ್ಟು ಇವತ್ತಿಗೆ ಬಂದರು. ಉತ್ತರದ ದೋಣಿಯವನೊಬ್ಬ ಗುರುವಾರ ಸಂಜೆ ದಕ್ಷಿಣಕ್ಕೆ ಹೋಗಿ ಬರುತ್ತೇನೆಂದ. ಹಾಸಿಗೆಗಳು ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆದವು. ಒಬ್ಬರು ಯಾರೆಂದು ಇನ್ನೊಬ್ಬರಿಗೆ ಗೊತ್ತೂ ಇಲ್ಲ. ನಾನು ನನ್ನ ಗುರುವಾರವನ್ನೂ ಬಿಟ್ಟುಕೊಡುತ್ತೇನೆಂದು ಬಾಯಿ ತೆರೆದೆ.

“ಮುಗೀತು ಅಕ್ಕ,” ಎಂದಳು ಮೆಲೆಯಾನಾ. “ಆರೂ ಕೂತ್ಕೊಂಡ್ವು. ಎಲ್ಲಾ ಕಪ್ಪು.”

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೋಪ ಬರಬೇಕಿತ್ತು. ನಿದ್ದೆ ಬಂತು.

ಸೆಪ್ಟೆಂಬರ್ ೧೨, ಗುರುವಾರ

ಎಡಗಣ್ಣಿನಿಂದ ಬರೆಯುತ್ತಿದ್ದೇನೆ, ಗೆರೆ ಓರೆ ಹೋಗುತ್ತಿರಬಹುದು.

ನೋಯಲಿಲ್ಲ. ಬಣ್ಣಗಳು ಕರಗಿ ಹರಿಯುವುದನ್ನು ನೋಡುತ್ತ ಮಲಗಿದ್ದೆ. ಹವಳದ ಬಂಡೆಯ ಕೆಳಗೆ ಮುಳುಗಿ ಮೇಲೆ ನೋಡಿದಂತೆ. ಡಾಕ್ಟರಮ್ಮ ಏನೋ ಹಾಡು ಗುನುಗುತ್ತಿದ್ದಳು.

ಒಳಗೆ ಸೇಯಿನಿ ನನ್ನ ಪಕ್ಕ ಕೂತಿದ್ದಾಳೆ. ಹೊರಗೆ ಜಗುಲಿಯಲ್ಲಿ, ಗೋಡೆಯ ಆ ಬದಿಗೆ, ತಮ್ಮ. ಕೋಣೆಗೆ ಬರುವುದಿಲ್ಲ. ಬೆಳಗಿನಿಂದ ಎದ್ದೂ ಹೋಗಿಲ್ಲವಂತೆ. ಜೊತೆಗಾರ ಎಂದು ಬರೆದಿದ್ದಾನಲ್ಲ. ಗೋಡೆ ಹಲಗೆಯದು, ಅವನು ಒರಗಿದ್ದ ಕಡೆ ಆಗಾಗ ಕಿರ್ರೆನ್ನುತ್ತದೆ. ಅದು ಕೇಳಿದಾಗಲೆಲ್ಲ ಸೇಯಿನಿ ನಗುತ್ತಾಳೆ.

ಸೆಪ್ಟೆಂಬರ್ ೧೩, ಶುಕ್ರವಾರ

ಕಣ್ಣಿನ ಪಟ್ಟಿ ಬಿಚ್ಚಿದರು.

ಕಿಟಕಿಯ ಚೌಕಟ್ಟಿನ ಮೇಲೆ ಇರುವೆಗಳು ಸಾಲು ಹಿಡಿದು ಹೋಗುತ್ತಿದ್ದವು. ಒಂದೊಂದಕ್ಕೂ ಕಾಲುಗಳಿದ್ದವು. ನಾನು ಅವನ್ನೇ ನೋಡುತ್ತ ನಿಂತೆ. ಡಾಕ್ಟರಮ್ಮ ಬೆರಳು ಎಷ್ಟೆಂದು ಮೂರು ಸಲ ಕೇಳಬೇಕಾಯಿತು.

ಪಕ್ಕದ ಮಂಚದಲ್ಲಿ ಫೆಲೆಟಿ ಮೆಲೆಯಾನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ದನಿ ಕೇಳಿ ಕಡ್ಡಿ ಹಾಗಿದೀಯ ಅಂದ್ಕೊಂಡಿದ್ದೆ. ಎಷ್ಟು ಚೆನ್ನಾಗಿ ಬೆಳೆದಿದೀಯೇ!” ಎಂದ. ಅವಳು ಅವನ ತಲೆಗೆ ಮೆಲ್ಲಗೆ ಮೊಟಕಿ, ಆಮೇಲೆ ಕಣ್ಣೊರೆಸಿಕೊಂಡಳು.

ಗಾಳಿ ಇಳಿದಿದೆ. ದಕ್ಷಿಣದ ಆರು ಜನ ಬಂದು ಮುಟ್ಟಿದರು. ಸೋಮವಾರ ಮತ್ತೊಮ್ಮೆ ನಮ್ಮನ್ನೆಲ್ಲ ನೋಡಲು, ಹಿಂದೆ ಉಳಿಯುವ ಒಬ್ಬ ಡಾಕ್ಟರು ನಮ್ಮ ದ್ವೀಪಕ್ಕೇ ಬರುತ್ತಾರೆ. ಹಾಗೆಂದು ಪಟ್ಟಿಯಲ್ಲಿ ಸೇರಿಸಿದವರು ಯಾರು ಎಂದು ನೋಡಿದೆ: ಕಿಟಿಯೋನೆ. ನಾನು ನೋಡಿದ್ದು ಬೆರಳೊತ್ತಿ, ಫೋನನ್ನು ಎಲ್ಲರಂತೆ ದೂರ ಹಿಡಿದು.

ಸೆಪ್ಟೆಂಬರ್ ೧೪, ಶನಿವಾರ

ಮನೆಗೆ ಬಂದೆ.

ತಮ್ಮನ ದೋಣಿ. ಸೇಯಿನಿ ತಂಗಿಯ ಮನೆಯಲ್ಲಿ ಉಳಿದಳು. ಮಿಕ್ಕವರು ದಾರಿಯ ದ್ವೀಪಗಳಲ್ಲಿ ಇಳಿದ ಮೇಲೆ ಫೆಲೆಟಿ ಒಬ್ಬನಿದ್ದ. ಅವನು ಅರ್ಧ ದಾರಿ ತೊಫುವಾ ಬೆಂಕಿಬೆಟ್ಟದ ಹೊಗೆ ನೋಡಿ ನೋಡಿ ದಣಿದು, ಹಾಯಿಬಟ್ಟೆ ಹೊದ್ದು ಮಲಗಿಬಿಟ್ಟ. ನಾನು ದೋಣಿಯ ಮುಂದೆ, ಮುಂದಕ್ಕೆ ಮುಖ ಮಾಡಿ. ಅವನು ಹಿಂದೆ, ಚುಕ್ಕಾಣಿಯ ಬಳಿ. ಹಾಗೆ ಕೂತರೆ ಮರ್ಯಾದೆಗೆ ಕುಂದಿಲ್ಲ.

ಸಮುದ್ರ ಅಷ್ಟು ನೀಲಿಯಾಗಿತ್ತು. ಅದನ್ನು ನೋಡುತ್ತಲೇ ಹೇಳಿದೆ.

“ಕಿಟಿಯೋನೆ, ಅವತ್ತು ಮೊದಲು ಶುಕ್ರವಾರ ಅಂತಾನೇ ಇತ್ತು. ಆಮೇಲೆ ನಾನು ತಿದ್ದಿದೆ. ನಿನಗೆ ಗೊತ್ತಾಗೋ ಹಾಗೆ ಮಾಡ್ಲಿಲ್ಲ.”

ಮೋಟಾರಿನ ಸದ್ದು ಇಳಿಯಿತು. ಕೇಳಿಸಲಿಲ್ಲವೇನೋ ಎಂದುಕೊಂಡೆ.

“ಗೊತ್ತು ಅಕ್ಕ,” ಎಂದ. ದನಿ ಅಪ್ಪನದಾಗಿತ್ತು. “ಅಮ್ಮ ಹೇಳಿದ್ಲು.”

“ಅಮ್ಮನಿಗೆ ಹೇಗೆ ಗೊತ್ತು?”

“ನೀವು ತಿದ್ದುವಾಗ ಪಕ್ಕದಲ್ಲೇ ಇದ್ಲಂತೆ. ಆ ಮೂರು ದಿನ ಅವಳಿಗೆ ಎಲ್ಲಾ ಕಾಣ್ತಿತ್ತಲ್ಲ. ಎರಡು ತಿಂಗಳಾದ್ಮೇಲೆ ನನ್ನ ಕರೆಸಿ ಹೇಳಿದ್ಲು. ‘ನಿನ್ನ ತಪ್ಪಿಲ್ಲ ಅಂತ ನಂಗೆ ಗೊತ್ತು. ಆದ್ರೆ ನಿನ್ನಕ್ಕನಿಗೆ ಹೇಳಬೇಡ. ಅವಳು ನನ್ನ ಕೈ ಹಿಡ್ಕೊಂಡು ನಡೆಸ್ತಿದಾಳೆ, ಅದು ಗೊತ್ತಾದ್ರೆ ಕುಸಿದುಹೋಗ್ತಾಳೆ. ನೀನು ಗಂಡಸು, ಹೊತ್ಕೊ’ ಅಂದ್ಲು.”

“ಹತ್ತೊಂಬತ್ತು ವರ್ಷ?”

“ಅಮ್ಮ ಎಷ್ಟು ವರ್ಷ ಅಂತ ಹೇಳಿರ್ಲಿಲ್ಲ ಅಕ್ಕ.”

ಅಲೆಗಳು ದೋಣಿಯ ಹೊಟ್ಟೆಗೆ ತಟ್ಟುತ್ತಿದ್ದವು. ಫೆಲೆಟಿ ನಿದ್ದೆಯಲ್ಲಿ ಏನೋ ಗೊಣಗಿದ.

ನಾನು ತಿರುಗಿದೆ. ಚುಕ್ಕಾಣಿ ಹಿಡಿದು ಒಬ್ಬ ಮುದುಕ ಕೂತಿದ್ದ. ತಲೆ ಪೂರ್ತಿ ಬಿಳಿ, ಕೆನ್ನೆಗಳಲ್ಲಿ ಉಪ್ಪಿನ ಬಿರುಕು, ಎಡ ಹುಬ್ಬಿನ ಮೇಲೆ ನನಗೆ ಗೊತ್ತೇ ಇರದ ಒಂದು ಗಾಯದ ಗುರುತು. ಮೀಸೆ ಬಿಟ್ಟಿದ್ದಾನೆ. ಅದೂ ಬೆಳ್ಳಗಿತ್ತು. ನಾನು ನೋಡುತ್ತಿರುವುದು ಅವನಿಗೆ ತಿಳಿಯಿತು. ಕಣ್ಣು ತಗ್ಗಿಸಿ ನೀರನ್ನೇ ನೋಡಿದ.

ದೋಣಿ ದಡ ಮುಟ್ಟುವವರೆಗೆ ನಾನು ಮುಂದಕ್ಕೆ ತಿರುಗಲಿಲ್ಲ.